ದೊಡ್ಡ ಕಂಪನಿಯ ಫೈಬರ್, ಅದರದೇ ಬಿಸಿನೆಸ್ ಪ್ಲಾನ್, ಸಣ್ಣ ಸ್ವತಂತ್ರ ಸಂಸ್ಥೆ: ನನಗೆ ಒಗ್ಗಿದ್ದು ಯಾವುದು

ಮೂರನ್ನೂ ಬಳಸಿ ನೋಡಿದ್ದೇನೆ. ಈಗ ಉಳಿಸಿಕೊಂಡಿರುವುದು ಸಣ್ಣ ಸಂಸ್ಥೆಯ ಇಂಟರ್ನೆಟ್ ಸಂಪರ್ಕ. ಸದ್ಯಕ್ಕೆ ಬಿಡುವ ಯೋಚನೆಯೂ ಇಲ್ಲ. ವೇಗದ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಹೇಳಿದ ವೇಗ ಮೂರರಲ್ಲೂ ಹೆಚ್ಚುಕಡಿಮೆ ಸಿಕ್ಕಿತು. ಸಿನಿಮಾ ನೋಡಲು, ವಿಡಿಯೊ ಕರೆ ಮಾಡಲು ಇಂಟರ್ನೆಟ್ ಬೇಕಾದವರು ಅಗ್ಗದ್ದನ್ನು ಕಣ್ಣು ಮುಚ್ಚಿ ಹಾಕಿಸಿಕೊಳ್ಳಬಹುದು.

ನನ್ನ ಬಳಕೆ ಬೇರೆ. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಸರ್ವರ್ ಆಗಿ ಹಗಲುರಾತ್ರಿ ಓಡುತ್ತಿರುತ್ತದೆ. ಫೋಟೊಗಳು, ಕಡತಗಳ ಬ್ಯಾಕಪ್, ಒಂದೆರಡು ಪುಟ್ಟ ಜಾಲತಾಣಗಳು ಅದರಲ್ಲಿವೆ. ಹೊರಗೆ ಹೋದಾಗ ವೈರ್‌ಗಾರ್ಡ್ ಎಂಬ ವಿಪಿಎನ್ (ಸುರಕ್ಷಿತ ಸುರಂಗ) ಮೂಲಕ ಅದನ್ನು ತಲುಪಬೇಕು. ಅಂದರೆ ಒಳಗಿನಿಂದ ಹೊರಗೆ ಹೋಗುವ ದಾರಿ ಎಷ್ಟು ಮುಖ್ಯವೋ ಹೊರಗಿನಿಂದ ಒಳಗೆ ಬರುವ ದಾರಿಯೂ ನನಗೆ ಅಷ್ಟೇ ಮುಖ್ಯ.

ದೊಡ್ಡ ಕಂಪನಿಯ ಸಂಪರ್ಕ ಎಡವಿದ್ದು ಅಲ್ಲಿಯೇ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಒಳಗಿನ ಕಂಪ್ಯೂಟರಿಗೆ ತಲುಪಿಸುವ ವ್ಯವಸ್ಥೆ) ಸರಿಯಾಗಿ ಹೊಂದಿಸಿದ್ದರೂ ಹೊರಗಿನಿಂದ ಏನೂ ತೆರೆಯುತ್ತಿರಲಿಲ್ಲ. ರೌಟರ್‌ನ ಸ್ಥಿತಿ ಪುಟದಲ್ಲಿ 100.72 ಎಂದು ಶುರುವಾಗುವ ಐಪಿ ವಿಳಾಸವಿತ್ತು (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ). ‘ನನ್ನ ಐಪಿ ಯಾವುದು’ ಎಂದು ತೋರಿಸುವ ತಾಣದಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು. ಬಲ್ಲವರಿಗೆ ಅಷ್ಟು ಸಾಕು, ಇದು ಸಿಜಿನ್ಯಾಟ್, ಅಂದರೆ ಹಲವು ಗ್ರಾಹಕರಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಈ ಉದ್ದೇಶಕ್ಕೆಂದೇ ಮೀಸಲಿಡಲಾಯಿತು. ಇಡೀ ವಠಾರಕ್ಕೆ ಬೀದಿಯ ಕಡೆ ಒಂದೇ ಬಾಗಿಲು ಇದ್ದ ಹಾಗೆ: ಒಳಗಿದ್ದವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವನಿಗೆ ಯಾವ ಮನೆಗೆ ಹೋಗಬೇಕೆಂದು ತಿಳಿಯುವುದಿಲ್ಲ.

ಹಾಗೆ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಐಪಿವಿ4 (ಹಳೆಯ ಮಾದರಿಯ) ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಗಿದೆ. ಎಲ್ಲರಿಗೂ ಒಂದೊಂದು ಕೊಡಿ ಎಂದರೆ ಎಲ್ಲಿಂದ ತರುತ್ತಾರೆ? ತಕರಾರಿರುವುದು ಅದನ್ನು ಬಾಯಿಬಿಟ್ಟು ಹೇಳದಿರುವುದರ ಬಗ್ಗೆ. ಅರ್ಜಿಯಲ್ಲಿ ಇಲ್ಲ, ಬಿಲ್ಲಿನಲ್ಲಿ ಇಲ್ಲ. ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ವೇಗ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿದರು. ಬರುತ್ತಿದೆ ಎಂದೆ. ‘ಹಾಗಾದರೆ ನಿಮ್ಮ ಸಮಸ್ಯೆ ಪರಿಹಾರವಾಗಿದೆ’ ಎಂದು ದೂರನ್ನು ಮುಚ್ಚಿದರು! ಕೆಳಗಿನ ಹಂತದವರನ್ನು ದೂರಿ ಪ್ರಯೋಜನವಿಲ್ಲ. ಅವರ ಮುಂದಿರುವ ಪ್ರಶ್ನಾವಳಿಯಲ್ಲಿ ನನ್ನ ಪ್ರಶ್ನೆಗೆ ಜಾಗವೇ ಇರಲಿಲ್ಲ.

ವಿಳಾಸಗಳಿಗೆ ಕೊರತೆಯೇ ಇಲ್ಲದ ಹೊಸ ಮಾದರಿಯ ಐಪಿವಿ6 ಇದ್ದರೆ ಈ ತಾಪತ್ರಯವೇ ಬೇಡ ಎನ್ನುತ್ತೀರಿ. ಇತ್ತು. ಆದರೆ ಕೊಟ್ಟದ್ದು ಒಂದೇ ಒಂದು /64 (ಒಂದೇ ಜಾಲಕ್ಕಾಗುವ ವಿಳಾಸಗಳ ಗುಂಪು), ಅದೂ ಸಂಪರ್ಕ ಕಡಿದು ಬಂದಾಗಲೆಲ್ಲ ಬದಲಾಗುತ್ತಿತ್ತು. ಒಳಬರುವ ಸಂಪರ್ಕವನ್ನು ತಡೆಯುವ ಫೈರ್‌ವಾಲ್‌ನ ಬೀಗದ ಕೈ ನನ್ನ ಬಳಿ ಇರಲಿಲ್ಲ. ಕಂಪನಿ ಕೊಟ್ಟ ರೌಟರನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ ನನ್ನದೇ ರೌಟರ್ ಬಳಸಲು ಬಿಡಲಿಲ್ಲ. ದೂರದಿಂದಲೇ ಅದನ್ನು ನಿಯಂತ್ರಿಸುವ ವ್ಯವಸ್ಥೆ ಇದ್ದುದರಿಂದ, ನಾನು ಹಾಕಿದ್ದ ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ವಿಳಾಸ ಪ್ರತಿ ಅಪ್‌ಡೇಟ್ ಆದಾಗಲೂ ಅಳಿಸಿಹೋಗುತ್ತಿತ್ತು. ಕೊನೆಗೆ ಹೊರಗೊಂದು ಸರ್ವರ್ ಬಾಡಿಗೆಗೆ ಹಿಡಿದು, ಮನೆಯಿಂದ ಅಲ್ಲಿಯವರೆಗೆ ಸುರಂಗ ಕಟ್ಟಿ ಕೆಲಸ ಸಾಗಿಸಿದೆ. ನಡೆಯಿತು. ಆದರೆ ಪಕ್ಕದ ಕೋಣೆಯ ಫೋಟೊ ನೋಡಲು ಊರೆಲ್ಲ ಸುತ್ತಿ ಬರಬೇಕು, ಮೇಲೆ ತಿಂಗಳ ಬಾಡಿಗೆ ಬೇರೆ.

ಬಿಸಿನೆಸ್ ಪ್ಲಾನ್ ತೆಗೆದುಕೊಂಡ ಮೇಲೆ ಸ್ಥಿರ ವಿಳಾಸ ಸಿಕ್ಕಿತು. ಸೇವಾ ಕೇಂದ್ರ ಅದೇ, ಪ್ರಶ್ನಾವಳಿ ಅದೇ, ಬಿಲ್ಲು ಮಾತ್ರ ಬೇರೆ. ನನ್ನಂಥವನ ಜೇಬಿಗೆ ಅದು ಹೊಂದುವುದಿಲ್ಲ.

ಸಣ್ಣ ಸಂಸ್ಥೆಗೆ ಸೇರುವ ಮೊದಲು ಇಮೇಲ್‌ನಲ್ಲಿ ನೇರವಾಗಿ ಕೇಳಿದೆ: ಸಾರ್ವಜನಿಕ ವಿಳಾಸ ಕೊಡುತ್ತೀರಾ, ನನ್ನದೇ ರೌಟರ್ ಹಾಕಬಹುದೇ, ಐಪಿವಿ6 ಎಷ್ಟು? ಉತ್ತರ ನಾಲ್ಕೇ ಸಾಲು. ಸ್ಥಿರ ಐಪಿವಿ4 ಬೇಕಿದ್ದರೆ ಸ್ವಲ್ಪ ಹೆಚ್ಚುವರಿ ಶುಲ್ಕ, ಇಲ್ಲದಿದ್ದರೆ ಸಿಜಿನ್ಯಾಟ್. ಐಪಿವಿ6ನಲ್ಲಿ ಬದಲಾಗದ /56. ರೌಟರ್ ಯಾವುದಾದರೂ ಸರಿ. ಲಾಗಿನ್ ವಿವರ ಇಲ್ಲಿದೆ. /56 ಎಂದರೆ 256 ಪ್ರತ್ಯೇಕ ಜಾಲಗಳು. ಅಷ್ಟು ನನಗೆ ಬೇಕಿಲ್ಲ, ಆದರೆ ಅತಿಥಿಗಳ ವೈಫೈ, ಕ್ಯಾಮೆರಾಗಳು, ಸರ್ವರ್ ಎಲ್ಲಕ್ಕೂ ಬೇರೆಬೇರೆ ಜಾಲ ಮಾಡಿಕೊಂಡೆ. ರಿವರ್ಸ್ ಡಿಎನ್‌ಎಸ್ (ಐಪಿ ವಿಳಾಸದಿಂದ ಹೆಸರು ತಿಳಿಸುವ ದಾಖಲೆ) ಕೇಳಿದ ದಿನವೇ ಹಾಕಿಕೊಟ್ಟರು.

ನನ್ನ ರೌಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಇದೆ. ಅದರಲ್ಲಿ ಕೇಕ್ ಎಂಬ ಸರದಿ ನಿರ್ವಹಣೆಯನ್ನು ಹೊಂದಿಸಿದ ಮೇಲೆ, ಬ್ಯಾಕಪ್ ಮೇಲೇರುತ್ತಿರುವಾಗಲೂ ಕರೆಗಳು ತೊದಲುವುದಿಲ್ಲ. ಬೀಗ ಹಾಕಿದ ರೌಟರ್‌ನಲ್ಲಿ ಇದು ಕನಸಿನ ಮಾತು.

ನನ್ನ ಮನಸ್ಸು ಪೂರ್ತಿ ಈ ಕಡೆ ವಾಲಿದ್ದು ಒಂದು ಸಂಜೆ ಪ್ಯಾಕೆಟ್ ನಷ್ಟದ, ಅಂದರೆ ದತ್ತಾಂಶದ ತುಣುಕುಗಳು ದಾರಿಯಲ್ಲೇ ಕಳೆದುಹೋಗುವುದರ ಬಗ್ಗೆ ದೂರಿದಾಗ. ಎಂಟಿಆರ್ (ದಾರಿಯಲ್ಲಿರುವ ಪ್ರತಿ ರೌಟರಿನ ನಷ್ಟವನ್ನು ಸಾಲುಸಾಲಾಗಿ ತೋರಿಸುವ ತಂತ್ರಾಂಶ) ಫಲಿತಾಂಶವನ್ನು ಅಂಟಿಸಿ ಕಳುಹಿಸಿದ್ದೆ. ಉತ್ತರ ಬಂದದ್ದು ಜಾಲವನ್ನು ನಡೆಸುವ ಎಂಜಿನಿಯರ್‌ನಿಂದಲೇ: ‘ನಾಲ್ಕನೆಯ ಸಾಲಿನ ನಷ್ಟ ಲೆಕ್ಕಕ್ಕಿಲ್ಲ, ಆ ರೌಟರ್ ಐಸಿಎಂಪಿ (ಇಂಥ ಪರೀಕ್ಷೆಯ) ಉತ್ತರಗಳಿಗೆ ಮಿತಿ ಹಾಕಿದೆ. ಏಳನೆಯದರಲ್ಲಿ ಶುರುವಾಗಿ ಕೊನೆಯವರೆಗೂ ಉಳಿದಿದೆಯಲ್ಲ, ತೊಂದರೆ ಅದು. ಬೇರೆ ದಾರಿಗೆ ತಿರುಗಿಸಿದ್ದೇನೆ, ಇನ್ನೊಮ್ಮೆ ನೋಡಿ.’ ನೋಡಿದೆ, ನಷ್ಟ ಸೊನ್ನೆ. ಆಫ್ ಮಾಡಿ ಆನ್ ಮಾಡಿ ಎಂಬ ಮಾತೇ ಬರಲಿಲ್ಲ.

ಕೊರತೆಗಳೂ ಇವೆ. ಮನೆಯವರೆಗಿನ ತಂತಿ ಅವರದಲ್ಲ, ಬೇರೆಯವರದು. ತಂತಿ ತುಂಡಾದರೆ ಇವರೂ ನಮ್ಮಂತೆಯೇ ಕಾಯಬೇಕು. ನಡುರಾತ್ರಿ ಫೋನ್ ಎತ್ತುವವರಿಲ್ಲ. ಟಿವಿ ವಾಹಿನಿಗಳ ಉಚಿತ ಕೊಡುಗೆ ಯಾವುದೂ ಇಲ್ಲ. ತಿಂಗಳ ಶುಲ್ಕ ದೊಡ್ಡ ಕಂಪನಿಯ ಮನೆಬಳಕೆಯ ಪ್ಲಾನ್‌ಗಿಂತ ಹೆಚ್ಚು. ಬಾಡಿಗೆ ಸರ್ವರ್ ನಿಲ್ಲಿಸಿದ ಮೇಲೆ ನನಗೆ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ಆ ಖರ್ಚು ಇಲ್ಲದವರಿಗೆ ಇದು ದುಬಾರಿಯೇ.

ತಂತಿ ಕೈಕೊಟ್ಟ ದಿನಕ್ಕೆಂದು ರೌಟರ್‌ಗೆ ಮೊಬೈಲ್ ಸಿಮ್ ಒಂದನ್ನು ಜೋಡಿಸಿದ್ದೇನೆ. ಕಚೇರಿಯ ಕೆಲಸ ಅದರಲ್ಲಿ ಸಾಗುತ್ತದೆ. ಮೊಬೈಲ್ ಜಾಲದಲ್ಲೂ ಸಿಜಿನ್ಯಾಟೇ ಇರುವುದರಿಂದ ಅಷ್ಟು ಹೊತ್ತು ಸರ್ವರ್ ಹೊರಗಿನಿಂದ ಸಿಗುವುದಿಲ್ಲ, ಫೈಬರ್ ಮರಳಿದ ಮೇಲೆ ಬ್ಯಾಕಪ್ ತಾನಾಗಿಯೇ ಮುಂದುವರಿಯುತ್ತದೆ.