ಹೊಸ .22 ಕೋವಿಯ ನಳಿಗೆ ಸ್ವಚ್ಛ ಮಾಡಲು ಬೋರ್ ಸ್ನೇಕ್, ಸರಳು, ನೈಲಾನ್ ದಾರ: ಯಾವುದು ಒಳ್ಳೇದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೈಲಾನ್ ದಾರಕ್ಕೆ. ಕಾಫಿ ತೋಟದಲ್ಲಿ ಕಾಡು ಹೊಡೆಯುವ, ಅಂದರೆ ಕಳೆ ಕತ್ತರಿಸುವ ಮೆಷಿನ್‌ಗೆ ಸುತ್ತುತ್ತೇವಲ್ಲ, ಅದೇ 2.4 ಮಿಲಿಮೀಟರ್ ದಾರ. ಮನೆಗೆ ಹೊಸ .22 ಬೋಲ್ಟ್ ರೈಫಲ್ ಬಂದ ಮೇಲೆ ಒಂದು ವರ್ಷದಲ್ಲಿ ಮೂರು ಸಾಧನ ಬಳಸಿ ನೋಡಿದೆ. ಅದರಲ್ಲಿ ಒಂದು, ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ನಾಲ್ಕು ದಿನ ಇರುವಾಗ ನಳಿಗೆಯೊಳಗೇ ಹರಿದು ಕೂತಿತು. ಆ ನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅದು ಬೋರ್ ಸ್ನೇಕ್. ತುದಿಯಲ್ಲಿ ಹಿತ್ತಾಳೆ ತೂಕ, ಆಮೇಲೆ ತೆಳು ದಾರ, ನಡುವೆ ಕಂಚಿನ ಬ್ರಷ್ ಸೇರಿಸಿ ನೇಯ್ದ ದಪ್ಪ ಹಗ್ಗ. ತೂಕವನ್ನು ಹಿಂದಿನಿಂದ ಇಳಿಸಿ ಬಾಯಿ ಕಡೆಯಿಂದ ಎಳೆದರೆ ಒಂದೇ ಎಳೆತಕ್ಕೆ ಕೆಲಸ ಮುಗಿಯಿತು. ಮೊದಲ ಆರು ತಿಂಗಳು ನನಗೂ ಬಹಳ ಇಷ್ಟವಾಗಿತ್ತು. ಆದರೆ ಎಳೆಯುವಾಗ ನಾನು ನೇರವಾಗಿ ಎಳೆಯುತ್ತಿರಲಿಲ್ಲ. ಕೋವಿಯನ್ನು ತೊಡೆಯ ಮೇಲಿಟ್ಟು ಸ್ವಲ್ಪ ಓರೆಯಾಗಿ ಎಳೆಯುವ ಅಭ್ಯಾಸ. ದಾರ ಪ್ರತಿಸಲ ನಳಿಗೆಯ ಬಾಯಿಯ ಅಂಚಿಗೆ ಉಜ್ಜಿ ಎಳೆ ಎಳೆಯಾಗಿ ಸವೆದಿತ್ತು. ಆಗಸ್ಟ್ ಕೊನೆಯ ಮಳೆಯಲ್ಲಿ ಹಗ್ಗವನ್ನು ಸೋಪು ನೀರಲ್ಲಿ ತೊಳೆದು ಒಲೆ ಹತ್ತಿರ ಒಣಗಿಸಿದೆ. ಪೂರ್ತಿ ಒಣಗುವ ಮೊದಲೇ ಎಣ್ಣೆ ಹಚ್ಚಿ ಒಳಗೆ ಬಿಟ್ಟೆ. ಅರ್ಧ ಬಂದು ಬಿಗಿಯಾಯಿತು. ದಾರವನ್ನು ಕೈಗೆ ಸುತ್ತಿ ಜೋರಾಗಿ ಎಳೆದೆ. ಟಪ್ ಎಂದಿತು, ದಾರ ಕೈಯಲ್ಲಿ, ಬ್ರಷ್ ಒಳಗೆ.

ಇಂಥ ಹೊತ್ತಲ್ಲಿ ಜನ ಏನೇನೋ ಸಲಹೆ ಕೊಡುತ್ತಾರೆ. ಒಬ್ಬರು ಗುಂಡು ಹಾರಿಸಿ ತಳ್ಳು ಅಂದರು. ದಯವಿಟ್ಟು ಅದನ್ನು ಯಾವತ್ತೂ ಮಾಡಬೇಡಿ, ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಬೆಂಕಿ ಹಿಡಿಸುವುದೂ ಬೇಡ. ಪೇಟೆಯ ಕೋವಿ ರಿಪೇರಿಯವರು ಎರಡೂ ಕಡೆಯಿಂದ ತೆಳು ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದರು. ಮಾರನೇ ದಿನ ನಳಿಗೆಗೆ ಸರಿಹೊಂದುವ ಹಿತ್ತಾಳೆ ಸರಳಿನಿಂದ ಬಾಯಿ ಕಡೆಯಿಂದ ಹಿಂದಕ್ಕೆ ಮೆಲ್ಲಗೆ ತಟ್ಟಿ ತೆಗೆದರು. ನಳಿಗೆಗೆ ಏನೂ ಆಗಲಿಲ್ಲ, ಅದು ನನ್ನ ಅದೃಷ್ಟ. ಬಾಯಿಯ ಅಂಚು ಒಂದು ಪಕ್ಕ ಸವೆದರೆ ಗುಂಡು ಹೊರಡುವಾಗಲೇ ಓರೆಯಾಗುತ್ತದೆ ಎಂದು ಎಚ್ಚರಿಸಿಯೇ ಕಳಿಸಿದರು.

ಸರಳಿನ ಸೆಟ್ ಕೂಡ ತೆಗೆದುಕೊಂಡಿದ್ದೆ. ಮೂರು ತುಂಡು ತಿರುಪಿ ಜೋಡಿಸುವ ಅಲ್ಯೂಮಿನಿಯಂ ಸರಳು. ಜೋಡಣೆ ಜಾಗ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳಿಗೆ ತಾಗುತ್ತದೆ, ತಳ್ಳಿದರೆ ಬಾಗುತ್ತದೆ. ಮೆತ್ತನೆ ಅಲ್ಯೂಮಿನಿಯಂಗೆ ಮರಳು, ಧೂಳು ಕಚ್ಚಿಕೊಳ್ಳುತ್ತದೆ, ಆಮೇಲೆ ಅದೇ ಉಜ್ಜುತ್ತದೆ. ಪ್ಲಾಸ್ಟಿಕ್ ಲೇಪನವಿರುವ ಒಂದೇ ತುಂಡಿನ ಸರಳು ನಿಜಕ್ಕೂ ಒಳ್ಳೆಯದು. ಗೆಳೆಯನ ಮನೆಯಲ್ಲಿ ಬಳಸಿದ್ದೇನೆ. ವರ್ಷಕ್ಕೆ ನಾಲ್ಕೈದು ಸಲ ಹಾರಿಸುವ ನನಗೆ ಅಷ್ಟು ಖರ್ಚು ಜಾಸ್ತಿಯಾಯಿತು.

ಈಗ ನೈಲಾನ್ ದಾರ. ಒಂದು ಮೀಟರ್ ಕತ್ತರಿಸಿ. ಒಂದು ತುದಿಯನ್ನು ಚೂಪಾಗಿ ಓರೆ ಕತ್ತರಿಸಿ, ಇನ್ನೊಂದನ್ನು ಬೆಂಕಿಗೆ ಹಿಡಿದು ಕರಗಿಸಿ, ಬಟ್ಟೆ ಜಾರದಂತೆ ಪುಟ್ಟ ಗಂಟು ಮಾಡಿ. ಹಳೇ ಹತ್ತಿ ಪಂಚೆಯನ್ನು ಒಂದಿಂಚಿನ ಚೌಕ ಮಾಡಿ ಚೂಪು ತುದಿಯಿಂದ ಪೋಣಿಸಿ. ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು, ಹಿಂದಿನಿಂದ ತೂರಿಸಿ ಬಾಯಿಯಿಂದ ನೇರವಾಗಿ ಎಳೆಯಿರಿ. ಬಟ್ಟೆ ಬಿಗಿಯಾಗುವಂತಿದ್ದರೆ ಮೊದಲೇ ಚೌಕ ಚಿಕ್ಕದು ಮಾಡಿದರಾಯಿತು. ಸವೆದ ದಾರ ಎಸೆಯಲು ಯೋಚಿಸಬೇಕಿಲ್ಲ, ಉರುಳೆಯಲ್ಲಿ ಇನ್ನೂ ಬೇಕಾದಷ್ಟಿದೆ. ಕೊರತೆ ಒಂದೇ, ಗುಂಡು ಕೂರುವ ಜಾಗದ ಮುಂದೆ ಕಟ್ಟುವ ಗಟ್ಟಿ ಮಸಿಯ ಉಂಗುರ ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಮಸಿ ಕರಗಿಸುವ ಸಾಲ್ವೆಂಟ್ ಬಿಟ್ಟು ಕಾಯಬೇಕು, ಆಮೇಲೆ ಬ್ರಷ್ ಬೇಕು. ಅದು ಮಾತ್ರ ಗೆಳೆಯನ ಸರಳಿನಿಂದ.

ಇನ್ನು ಹೊಸ ನಳಿಗೆಯನ್ನು ಪಳಗಿಸುವ ಮಾತು. ಒಂದು ಗುಂಡು, ಒಂದು ಸಲ ಸ್ವಚ್ಛ, ಹೀಗೆ ಹತ್ತು ಸಲ ಎಂಬ ಕ್ರಮವನ್ನು ನಾನೂ ಶ್ರದ್ಧೆಯಿಂದ ಮಾಡಿದೆ. 50 ಮೀಟರ್‌ನಲ್ಲಿ ಆ ಹತ್ತೂ ಗುಂಡು ತೆಂಗಿನಕಾಯಿಯಷ್ಟು ಅಗಲ ಚದುರಿದವು. ಈ ಕ್ರಮ ಹುಟ್ಟಿದ್ದು ತಾಮ್ರದ ಹೊದಿಕೆಯ ಗುಂಡು ಹಾರಿಸುವ ದೊಡ್ಡ ರೈಫಲ್‌ಗಳಿಗಾಗಿ. ಹೊಸ ನಳಿಗೆಯ ಒರಟು ಜಾಗ ತಾಮ್ರ ಕೆರೆದುಕೊಳ್ಳುತ್ತದೆ, ಅದನ್ನು ಆಗಾಗ ತೆಗೆಯಬೇಕು. ನಾನು ಬಳಸುವ .22 ಗುಂಡು ಬರೀ ಸೀಸ, ಮೇಲೆ ಮೇಣ. ಆ ಮೇಣ ನಳಿಗೆಯೊಳಗೆ ಒಂದು ಪದರವಾಗಿ ಕೂತ ಮೇಲೇ ಗುಂಡು ಒಂದೇ ಜಾಗಕ್ಕೆ ಹೋಗುತ್ತದೆ. ನಾನು ಪ್ರತಿ ಗುಂಡಿಗೂ ಅದನ್ನೇ ಒರೆಸಿ ತೆಗೆಯುತ್ತಿದ್ದೆ! ಆಮೇಲೆ ಒಂದು ಡಬ್ಬಿ, ಅಂದರೆ 50 ಗುಂಡು, ಸುಮ್ನೆ ಹಾರಿಸಿದೆ. ಇಪ್ಪತ್ತರ ನಂತರ ಲಿಂಬೆಹಣ್ಣಿನಷ್ಟು ಜಾಗಕ್ಕೆ ಬಂದವು. ಗುಂಡಿನ ಬ್ರ್ಯಾಂಡ್ ಬದಲಿಸಿದರೆ ಮತ್ತೆ ಹತ್ತಿಪ್ಪತ್ತು ಗುಂಡು ಬೇಕು. ಹಾಗಾಗಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಹಿಂದಿನ ದಿನ ನಳಿಗೆ ಫಳಫಳ ತೊಳೆಯುವವರಿಗೆ ನನ್ನ ಕಳಕಳಿಯ ಮಾತು, ಬೇಡ. ಹೊಸ ಕೋವಿಯಲ್ಲಿ ಮೊದಲು ಕಾರ್ಖಾನೆಯ ಗ್ರೀಸ್ ತೆಗೆಯಲು ನಾಲ್ಕು ಒಣ ಬಟ್ಟೆ ಎಳೆದರೆ ಸಾಕು.

ಎಣ್ಣೆ: ಹೊಲಿಗೆ ಮೆಷಿನ್ ಎಣ್ಣೆ ನಡೆಯುತ್ತದೆ. ತೆಂಗಿನೆಣ್ಣೆ ಬೇಡ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಮಡಿಕೇರಿಯ ಚಳಿ ಗೊತ್ತಲ್ಲ. ಹಾರಿಸುವ ಮೊದಲು ಒಂದು ಒಣ ಬಟ್ಟೆ ಎಳೆದು ಎಣ್ಣೆ ತೆಗೆಯಲೇಬೇಕು.

ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರಿಸದಿದ್ದರೂ ಎರಡು ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಎಳೆಯುತ್ತೇನೆ. ಕೈಲ್ ಮುಹೂರ್ತದ ದಿನವಂತೂ ಮರೆಯುವುದಿಲ್ಲ. ಪೂಜೆಗೆ ಗಂಧ ಹಚ್ಚಿ ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸುತ್ತೇವೆ. ಆ ಹಸಿ ದಂಟಿನ ನೀರು ಒಂದು ರಾತ್ರಿ ಅಲ್ಲೇ ಉಳಿದರೆ ಅಂಚಿಗೆ ತುಕ್ಕು ಹಿಡಿಯುತ್ತದೆ. ಸಂಜೆ ಹೂ ತೆಗೆದ ಕೂಡಲೇ ಒಂದು ಒಣ ಬಟ್ಟೆ, ಒಂದು ಎಣ್ಣೆ ಬಟ್ಟೆ. ಎರಡು ನಿಮಿಷದ ಕೆಲಸ, ದಾರ ಬೀರುವಿನ ಬಾಗಿಲಲ್ಲೇ ನೇತಾಡುತ್ತಿರುತ್ತದೆ.