ಮರಳು ನೋಡಲು ಹೋಗಿ ಮರುಳಾದೆವು: ಜೈಸಲ್ಮೇರಿನಲ್ಲಿ ಒಂಟೆ ಹತ್ತುವ ಮುಂಚೆ ಓದಿ

18 ನಿಮಿಷ. ನಾನೇ ವಾಚ್ ನೋಡಿಕೊಂಡಿದ್ದೆ. ಒಂದೂವರೆ ಗಂಟೆಯ ಒಂಟೆ ಸಫಾರಿ ಅಂತ 4,800 ರೂಪಾಯಿ ಮುಂಗಡವಾಗಿ ಕಟ್ಟಿಸಿಕೊಂಡು, 18 ನಿಮಿಷಕ್ಕೆ ಕೆಳಗಿಳಿಸಿದರು. ನಿಮಿಷಕ್ಕೆ ಸುಮಾರು 267 ರೂಪಾಯಿ ಬಿತ್ತು!

ಇದನ್ನು ಬರೆಯುವುದೋ ಬೇಡವೋ ಎಂದು ಮೂರು ವಾರ ಸುಮ್ನೆ ಇದ್ದೆ. ನಾಚಿಕೆ, ಇನ್ನೇನು. ಸೊಪ್ಪಿನವಳ ಹತ್ತಿರ ಒಂದು ಕಟ್ಟಿಗೆ ಎರಡು ರೂಪಾಯಿ ಇಳಿಸದೆ ಬಿಡುವವಳಲ್ಲ ನಾನು. ಆಫೀಸಿನಲ್ಲಿ ಯಾರಾದರೂ ಟೂರ್ ಹೊರಟರೆ ಎಲ್ಲಿ ಮೋಸ ಇರುತ್ತೆ ಅಂತ ಕೇಳುವುದು ನನ್ನನ್ನೇ. ಅಂಥವಳ ಕಿವಿಗೇ ಹೂವಿಟ್ಟು ಕಳಿಸಿದ್ದಾರೆ. ಇವತ್ತು ಬೆಳಿಗ್ಗೆ ಇನ್ನೊಂದು ವಿಷಯ ಆಯಿತು, ಅದಕ್ಕೇ ತಡೆಯಲಾರದೆ ಬರೆಯುತ್ತಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಇದೆಲ್ಲ ಶುರುವಾಗಿದ್ದು ಅಮ್ಮನಿಂದ. ಅವಳಿಗೆ 64. ಚಿಕ್ಕವಳಿದ್ದಾಗ ಜಾತ್ರೆಗೆ ಯಾರೋ ಒಂಟೆ ತಂದಿದ್ದರಂತೆ, ನಾಲ್ಕಾಣೆಗೆ ಒಂದು ಸುತ್ತು. ತಾತ ಹತ್ತಲು ಬಿಡಲಿಲ್ಲವಂತೆ. ಬಿದ್ದು ಕಾಲು ಮುರಿದುಕೊಂಡರೆ ಯಾರು ಮದುವೆ ಆಗುತ್ತಾರೆ ಅಂತ. ಈ ಕಥೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಡಿಸೆಂಬರ್ ರಜೆಗೆ ಜೈಸಲ್ಮೇರ್ ಹೋಗುವುದು ಅಂತಾದಾಗ, ಅಮ್ಮನನ್ನು ನಿಜವಾದ ಮರುಭೂಮಿಯಲ್ಲೇ ಒಂಟೆ ಹತ್ತಿಸಬೇಕು ಅಂತ ಹಠ ಹಿಡಿದವಳು ನಾನು. ಅವಳೇನೂ ಕೇಳಿರಲಿಲ್ಲ.

ಸಮ್ ಮರಳು ದಿಬ್ಬಗಳ ಹತ್ತಿರದ ಒಂದು ಟೆಂಟ್ ಕ್ಯಾಂಪ್ ಬುಕ್ ಮಾಡಿದೆ. ಹೆಸರು ಹೇಳುವುದಿಲ್ಲ. ಟೆಂಟ್, ಊಟಕ್ಕೆ ಒಂದು ರೇಟು, ಒಂಟೆ ಸಫಾರಿಗೆ ಬೇರೆ. ಫೋನಿನಲ್ಲಿದ್ದವನ ಮಾತು ಜೇನು. ಒಂಟೆ ರಾಜಸ್ಥಾನದ ರಾಜ್ಯ ಪ್ರಾಣಿ ಮೇಡಂ, 2014ರಲ್ಲೇ ಘೋಷಿಸಿದ್ದಾರೆ, ಆದರೂ ಸಾಕುವವರಿಗೆ ಹೊಟ್ಟೆಗಿಲ್ಲ, ನಿಮ್ಮಂಥವರು ಸಫಾರಿ ಮಾಡಿದರೆ ಅವರ ಮನೆ ನಡೆಯುತ್ತೆ ಅಂದ. ನಾನೂ ಸ್ವಲ್ಪ ಓದಿಕೊಂಡಿದ್ದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 4 ಲಕ್ಷ ಇದ್ದ ಒಂಟೆಗಳು 2019ಕ್ಕೆ ಎರಡೂವರೆ ಲಕ್ಷಕ್ಕೆ ಇಳಿದಿದ್ದವು. ನಾನು ಆ ಲೆಕ್ಕ ಹೇಳಿದೆ, ಅವನು "ವಾಹ್ ಮೇಡಂ, ನಿಮಗೆಷ್ಟು ಗೊತ್ತು" ಅಂದ. ನಾನು ಉಬ್ಬಿದೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತೆ.

ತಲೆಗೆ 1,500 ಅಂದ. ನಾನು 1,200 ಅಂದೆ. ಆಯ್ತು ಅಂದುಬಿಟ್ಟ. ಒಂದೇ ಮಾತಿಗೆ! ಅಲ್ಲೇ ನನಗೆ ಅನುಮಾನ ಬರಬೇಕಿತ್ತು ಅಲ್ವಾ? ಬರಲಿಲ್ಲ. ಗೆದ್ದೆ ಅಂದುಕೊಂಡೆ. ಒಂದೂವರೆ ಗಂಟೆ, ಒಬ್ಬರಿಗೊಂದು ಒಂಟೆ, ದಿಬ್ಬದ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುವುದು. ಇಷ್ಟನ್ನೂ ಅವನ ಬಾಯಲ್ಲೇ ಹೇಳಿಸಿಕೊಂಡೆ. ಬಾಯಲ್ಲಿ ಮಾತ್ರ. ಬರೆಸಿಕೊಳ್ಳಲಿಲ್ಲ. ಸೀಸನ್ ರಶ್ ಇದೆ, ಪೂರ್ತಿ ಈಗಲೇ ಹಾಕಿಬಿಡಿ ಅಂದ. ಯುಪಿಐನಲ್ಲಿ ಹಾಕಿಬಿಟ್ಟೆ.

ಜೈಸಲ್ಮೇರಿನಿಂದ ಸಮ್‌ಗೆ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಬೈಕಿನ ಹುಡುಗರು ಕಾರಿನ ಪಕ್ಕಕ್ಕೇ ಬಂದು ಕಿಟಕಿ ಬಡಿದು ಒಂಟೆ ಸಫಾರಿ, ಜೀಪ್ ಸಫಾರಿ ಅಂತ ಬೆನ್ನು ಹತ್ತುತ್ತಾರೆ. ಹೋದವರಿಗೆಲ್ಲ ಇದು ಗೊತ್ತು. ನಾನು ಗಾಜು ಇಳಿಸಿ, ನಮ್ಮದು ಬುಕ್ ಆಗಿದೆ ಅಂತ ಜಂಬದಿಂದ ಹೇಳಿದೆ. ಒಬ್ಬ ನಕ್ಕು ಕೈಮುಗಿದು ಹೋದ. ಯಾಕೆ ನಕ್ಕ ಅಂತ ಆಮೇಲೆ ಗೊತ್ತಾಯಿತು.

ಐದು ಗಂಟೆಗೆ ಕ್ಯಾಂಪಿನ ಹಿಂದೆ ಕರೆದುಕೊಂಡು ಹೋದರು. ನಾವು ನಾಲ್ಕು ಜನ: ನಾನು, ನಮ್ಮೆಜಮಾನರು, ಮಗಳು, ಅಮ್ಮ. ಒಂಟೆ ಎರಡು. ಇನ್ನೆರಡು ಎಲ್ಲಿ ಅಂತ ಕೇಳಿದೆ. ಕ್ಯಾಂಪಿನ ಮ್ಯಾನೇಜರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇಬ್ಬರು ಕೂತರೇ ಬ್ಯಾಲೆನ್ಸ್ ಮೇಡಂ, ಒಬ್ಬರೇ ಕೂತರೆ ಬೀಳುತ್ತೀರಿ" ಅಂದ. ಬೀಳುತ್ತೀರಿ ಅಂದ ತಕ್ಷಣ ಅಮ್ಮನ ಮುಖ ನೋಡಿದೆ. ಸುಮ್ಮನಾದೆ. ಇಂಥವರು ಎಲ್ಲಿ ಒತ್ತಿದರೆ ನಾವು ಸುಮ್ಮನಾಗುತ್ತೇವೆ ಅಂತ ಚೆನ್ನಾಗಿ ಕಲಿತಿರುತ್ತಾರೆ.

ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತೆ. ಮೇಲೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ, ಅದಕ್ಕೆ ಹಿಂದಕ್ಕೆ ವಾಲಿಕೊಳ್ಳಬೇಕು. ಕೂರುವಾಗ ಮುಂಗಾಲು ಮೊದಲು ಮಡಿಸುತ್ತೆ, ಆಗಲೂ ಹಿಂದಕ್ಕೇ ವಾಲಬೇಕು. ಇದನ್ನೆಲ್ಲ ಓದಿಕೊಂಡು, ಹೋಟೆಲ್ಲಿನ ಮಂಚದ ಮೇಲೆ ದಿಂಬು ಇಟ್ಟು ಅಮ್ಮನಿಗೆ ಪ್ರಾಕ್ಟೀಸ್ ಮಾಡಿಸಿದ್ದೆ. ಅವಳು ಮಗಳಿಗಿಂತ ಚೆನ್ನಾಗಿ ಕೂತಳು. ಎದ್ದ ಕೂಡಲೇ "ಅಯ್ಯೋ, ಮಾಳಿಗೆ ಮೇಲೆ ನಿಂತ ಹಾಗಿದೆ ಕಣೇ" ಅಂತ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು. ಕ್ಯಾಂಪಿನ ಹುಡುಗನೊಬ್ಬ ಫೋಟೋ ತೆಗೆದ. ಈ ಫೋಟೋ ನೆನಪಿಟ್ಟುಕೊಳ್ಳಿ.

ಹಗ್ಗ ಹಿಡಿದ ಹುಡುಗನಿಗೆ ಹದಿನೆಂಟೋ ಇಪ್ಪತ್ತೋ ಇರಬೇಕು. ಎಲ್ಲಿಂದ ಅಂತ ಕೇಳಿದ. ಬೆಂಗಳೂರು ಅಂದೆವು. "ಹಾಗಾದರೆ ಇದರ ಹೆಸರು ವಿರಾಟ್" ಅಂದ. ಮಗಳಿಗೆ ಖುಷಿಯೋ ಖುಷಿ.

ನಿಜ ಹೇಳುತ್ತೇನೆ, ಮೊದಲ ಐದು ನಿಮಿಷ ಚೆನ್ನಾಗಿತ್ತು. ಒಂಟೆ ಒಂದೇ ಕಡೆಯ ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಇಡುತ್ತೆ, ಅದಕ್ಕೆ ಮೈಯೆಲ್ಲ ತೊಟ್ಟಿಲಿನ ಹಾಗೆ ತೂಗುತ್ತೆ. ಪಾದ ಮೆತ್ತಗೆ, ಮರಳಿನ ಮೇಲೆ ಸದ್ದೇ ಇಲ್ಲ. ಕಾಲಿಡಲು ರಿಕಾಪು ಇರಲಿಲ್ಲ, ತೊಡೆ ಹಿಡಿದುಕೊಂಡಿತು, ಆದರೂ ಚೆನ್ನಾಗಿತ್ತು. ಬಿಸಿಲು ವಾಲುತ್ತಿತ್ತು, ದಿಬ್ಬದ ಮೇಲೆ ಗಾಳಿ ಎಳೆದ ಗೆರೆಗಳು. ದೂರದಲ್ಲಿ ಒಂದು ಖೇಜ್ರಿ ಮರ ಕಂಡಿತು. ನಮ್ಮ ಬನ್ನಿ ಮರ ಇದೇ ಅಂತ ಅಮ್ಮನಿಗೆ ತೋರಿಸಿದೆ, ಅವಳು ಒಂಟೆ ಮೇಲಿಂದಲೇ ಕೈಮುಗಿದಳು.

ಆಮೇಲೆ ಒಂದು ಎಕ್ಕದ ಗಿಡ ಸಿಕ್ಕಿತು. ಎಡಗಡೆಗೆ. ಅದರ ಕೊಂಬೆಗೆ ಒಡೆದುಹೋದ ಗುಲಾಬಿ ಬಲೂನೊಂದು ಸಿಕ್ಕಿಹಾಕಿಕೊಂಡಿತ್ತು. ಇಲ್ಲೂ ಎಕ್ಕ ಇದೆ ನೋಡು ಅಂತ ಅಮ್ಮ ಖುಷಿಪಟ್ಟಳು.

ದಿಬ್ಬ ಬಳಸಿಕೊಂಡು ನಡೆದೆವು. ಪಕ್ಕದಲ್ಲಿ ಜೀಪುಗಳು ಹಾಡು ಹಾಕಿಕೊಂಡು ಬರ್‍ರ್ ಅಂತ ಹತ್ತಿ ಇಳಿಯುತ್ತಿದ್ದವು. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು.

"ಇದು ಆಗ ಸಿಕ್ಕಿದ ಎಕ್ಕದ ಗಿಡವೇ ಅಲ್ಲವೇನೇ?"

ನೋಡಿದೆ. ಎಡಗಡೆಗೆ. ಗುಲಾಬಿ ಬಲೂನು. ಅದರ ಬುಡದಲ್ಲಿ ನಮ್ಮದೇ ಒಂಟೆಗಳ ಹೆಜ್ಜೆ, ಅದರ ಮೇಲೆ ಮತ್ತೆ ಅದೇ ಒಂಟೆಗಳು ಹೆಜ್ಜೆ ಇಡುತ್ತಿದ್ದವು. ಒಂದೇ ದಿಬ್ಬವನ್ನು ಎರಡು ಸಲ ಸುತ್ತಿಸುತ್ತಿದ್ದ! ಜಾತ್ರೆಯಲ್ಲಿ ನಾಲ್ಕಾಣೆಗೆ ಸುತ್ತಿಸುತ್ತಿದ್ದರಲ್ಲ, ಅದೇ ಸುತ್ತು. ಅದನ್ನೇ ನಾನು ದುಡ್ಡು ಖರ್ಚು ಮಾಡಿ ಅಷ್ಟು ದೂರ ಕರೆದುಕೊಂಡು ಹೋಗಿ ಅಮ್ಮನಿಗೆ ಕೊಡಿಸಿದ್ದೆ. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಕೋಪಕ್ಕಿಂತ ಮೊದಲು ಬಂದಿದ್ದು ಅವಮಾನ. ಕಂಡುಹಿಡಿದವಳು ನಾನಲ್ಲ, ಅಮ್ಮ.

ಮುಂದೆ ಕರೆದುಕೊಂಡು ಹೋಗು ಅಂದೆ ಹುಡುಗನಿಗೆ. ಅವನು ತಿರುಗಿಯೂ ನೋಡಲಿಲ್ಲ. "ರೇತ್ ತೋ ರೇತ್ ಹೈ ಮೇಡಂಜೀ. ಆಗೇ ಭೀ ಯಹೀ ಹೈ." ಮರಳು ಅಂದರೆ ಮರಳೇ, ಮುಂದೆಯೂ ಇದೇ ಇರುವುದು. ಇದಕ್ಕೆ ಏನು ಉತ್ತರ ಕೊಡುತ್ತೀರಿ? ನನಗೆ ಈಗಲೂ ಹೊಳೆದಿಲ್ಲ.

ಏಣು ದಾಟಿದರೆ ಟಾರು ರಸ್ತೆ, ಅದರಾಚೆ ನಮ್ಮದೇ ಕ್ಯಾಂಪಿನ ಬಿಳಿ ಟೆಂಟು. "ಝೈ, ಝೈ" ಎಂದು ಹಗ್ಗ ಕೆಳಗೆ ಜಗ್ಗಿದ. ಒಂಟೆ ಕೂತಿತು. 18 ನಿಮಿಷ. ಸೂರ್ಯ ಇನ್ನೂ ಎರಡಾಳು ಎತ್ತರದಲ್ಲಿದ್ದ.

ಮ್ಯಾನೇಜರ್ ಹತ್ತಿರ ಹೋದೆ. ಅವನ ಮಾತುಗಳನ್ನು ಹಾಗೇ ಬರೆಯುತ್ತೇನೆ. ಒಂದೂವರೆ ಗಂಟೆ ಎಲ್ಲಿ ಅಂದರೆ, "ಅದರಲ್ಲಿ ನೀವು ಟೀ ಕುಡಿದಿದ್ದು, ಹತ್ತಿದ್ದು, ಇಳಿದಿದ್ದು, ಫೋಟೋ, ಎಲ್ಲ ಸೇರಿದೆ." ಟೀ ಕುಡಿದಿದ್ದು! ಸೂರ್ಯಾಸ್ತ ಎಲ್ಲಿ ಅಂದರೆ, "ಸನ್‌ಸೆಟ್ ಪಾಯಿಂಟ್ ಪ್ಯಾಕೇಜ್ ಬೇರೆ, ತಲೆಗೆ 600." ದುಡ್ಡು ವಾಪಸ್ ಕೊಡಿ ಅಂದರೆ, "ಬುಕಿಂಗ್ ಆಫೀಸಿನವರನ್ನು ಕೇಳಿ." ಬುಕಿಂಗ್ ಆಫೀಸಿಗೆ ಫೋನ್ ಮಾಡಿದರೆ, ಆ ಜೇನಿನ ದನಿಯವನು, "ಅದು ಕ್ಯಾಂಪಿನವರ ವಿಷಯ ಮೇಡಂ." ಇಬ್ಬರೂ ಒಂದೇ ಕಾಂಪೌಂಡಿನಲ್ಲಿ ಇದ್ದರು ಅನ್ನುವುದು ನನ್ನ ಅನುಮಾನ. ಫೋನಿನಲ್ಲಿ ನಮ್ಮ ಟೆಂಟಿನ ಹೊರಗೆ ಬಾರಿಸುತ್ತಿದ್ದ ಢೋಲಕ್ ಸದ್ದೇ ಕೇಳಿಸುತ್ತಿತ್ತು.

ನಮ್ಮೆಜಮಾನರು "ಹೋಗಲಿ ಬಿಡು, 600 ಕೊಟ್ಟು ನೋಡಿಬಿಡೋಣ" ಅಂದರು. ಅವರ ಮೇಲೂ ರೇಗಿದೆ. ಅಷ್ಟರಲ್ಲಿ ಅಮ್ಮ, "ಹತ್ತಿದೆನಲ್ಲ, ಸಾಕು ಬಿಡೇ" ಅಂದಳು. ನನಗೆ ಬೇಜಾರಾಗದಿರಲಿ ಅಂತ. ಅದನ್ನು ಕೇಳಿ ಇನ್ನೂ ಜಾಸ್ತಿ ಸಂಕಟ ಆಯಿತು.

ಆಗಲೇ ಚೆನ್ನೈನವರ ಒಂದು ಗುಂಪು ಬಂತು. ಅದೇ ಹುಡುಗ, ಅದೇ ಒಂಟೆ. "ಇಸ್ಕಾ ನಾಮ್ ಧೋನಿ." ಮಗಳು ನನ್ನ ಮುಖ ನೋಡಿದಳು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವರೆಲ್ಲ ಹೋದ ಮೇಲೆ ಮಾತಾಡಿಸಿದೆ. ಒಂದು ಒಂಟೆಗೆ, ಒಂದು ಟ್ರಿಪ್ಪಿಗೆ ಕ್ಯಾಂಪಿನವರು ಅವನಿಗೆ ಕೊಡುವುದು 150 ಅಂತೆ. ನಮ್ಮ 4,800ರಲ್ಲಿ ಅವನಿಗೆ ಸಿಕ್ಕಿದ್ದು 300. ಒಂಟೆ ಸಾಕುವವರ ಮನೆ ನಡೆಯುತ್ತೆ ಅಂದಿದ್ದನಲ್ಲ ಫೋನಿನವನು! ಮಧ್ಯಾಹ್ನ ಮೂರರಿಂದ ಇದು ಎಷ್ಟನೇ ಸುತ್ತು ಅಂತ ಕೇಳಿದೆ, ಅವನು ಲೆಕ್ಕ ಇಟ್ಟಿರಲಿಲ್ಲ. ಒಂಟೆಯನ್ನು ಹತ್ತಿರದಿಂದ ನೋಡಿದ್ದೂ ಆಗಲೇ. ನಮ್ಮ ಎತ್ತಿಗೆ ಮೂಗುದಾರ ಇದ್ದ ಹಾಗೆ ಅದಕ್ಕೆ ಹೊಳ್ಳೆಯಲ್ಲಿ ಒಂದು ಮರದ ಗೂಟ, ಅದಕ್ಕೆ ಹಗ್ಗ. ಗೂಟದ ಸುತ್ತ ಚರ್ಮ ಕೆಂಪಗೆ ಹಸಿಯಾಗಿತ್ತು, ನೊಣ ಕೂತಿದ್ದವು. ಉದ್ದುದ್ದ ರೆಪ್ಪೆ ಬಡಿಯುತ್ತ ಸುಮ್ಮನೆ ಮೆಲುಕು ಹಾಕುತ್ತಿತ್ತು. ಹತ್ತುವ ಮುಂಚೆ ಇದನ್ನು ನೋಡಿದ್ದರೆ ಹತ್ತುತ್ತಿರಲಿಲ್ಲ.

ರಾತ್ರಿಯ ಊಟ, ಕುಣಿತದ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಚಳಿ ಇತ್ತು. ದಾಲ್ ತಣ್ಣಗಿತ್ತು.

ಬೆಳಿಗ್ಗೆ ಆರೂವರೆಗೆ ನಿದ್ದೆ ಬಾರದೆ ರಸ್ತೆ ದಾಟಿ ನಡೆದುಹೋದೆ. ದಿಬ್ಬದ ಕೆಳಗೆ ಒಬ್ಬ ವಯಸ್ಸಾದವರು ಎರಡು ಒಂಟೆ ಹಿಡಿದುಕೊಂಡು ಚಹಾ ಕುಡಿಯುತ್ತಿದ್ದರು. ಎಷ್ಟು ಅಂತ ಸುಮ್ನೆ ಕೇಳಿದೆ. ಅರ್ಧ ಗಂಟೆಗೆ, ಒಂದು ಒಂಟೆಗೆ, 300. ನೇರ ಅವರ ಕೈಗೆ. ನಾನು ಏನೂ ಹೇಳದೆ ವಾಪಸ್ ಬಂದೆ. ಅಮ್ಮನಿಗೆ ಮಂಡಿ ನೋವು ಶುರುವಾಗಿತ್ತು, ಮತ್ತೆ ಹತ್ತುವ ಹಾಗಿರಲಿಲ್ಲ.

ಊರಿಗೆ ಬಂದ ಮೇಲೆ ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದು ಕಳಿಸಿದೆ. ಅರ್ಧ ದುಡ್ಡಾದರೂ ವಾಪಸ್ ಮಾಡಿ ಅಂತ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಉತ್ತರ ಬಂತು. ಅಮ್ಮ ಒಂಟೆ ಮೇಲೆ ಕೂತು ನಗುತ್ತಿರುವ ಅದೇ ಫೋಟೋ. ಕೆಳಗೆ ಒಂದು ಸಾಲು: "ಮೇಡಂ, ನೀವು ಎಂಜಾಯ್ ಮಾಡಿದ್ದೀರಿ, ಪ್ರೂಫ್ ಇದೆ." ಪಕ್ಕದಲ್ಲಿ ಎರಡು ಕೈಮುಗಿದ ಇಮೋಜಿ.

ನನಗೆ ಗೊತ್ತಾಗಿದ್ದು ಇಷ್ಟೇ, ಕೇಳಿದರೆ ಕೇಳಿ. ಫೋನಿನಲ್ಲಿ ಸಫಾರಿ ಬುಕ್ ಮಾಡಬೇಡಿ. ಟೆಂಟ್ ಬೇಕಾದರೆ ಮಾಡಿ, ಒಂಟೆ ಬೇಡ. ಅಲ್ಲಿಗೆ ಹೋಗಿ, ಒಂಟೆಯ ಮೂಗು ನೋಡಿ, ಒಂಟೆಯವರ ಹತ್ತಿರವೇ ಮಾತಾಡಿ. ಎಷ್ಟು ಹೊತ್ತು ಅಂತ ಕೇಳಿದರೆ ಸಾಲದು, ಎಲ್ಲಿಯವರೆಗೆ ಅಂತ ಕೈ ತೋರಿಸಿ ಕೇಳಿ. ಇಳಿದ ಮೇಲೆ ದುಡ್ಡು ಕೊಡಿ. ಮುಂಚೆಯೇ ಕೊಟ್ಟಿರೋ, ನನ್ನ ಹಾಗೆ ಎಕ್ಕದ ಗಿಡ ಎಣಿಸಬೇಕಾಗುತ್ತೆ. ಸಮ್‌ನಲ್ಲಿ ಮರಳು ದಿಬ್ಬ ಇರುವುದೇ ಕೆಲವು ಕಿಲೋಮೀಟರಿನ ಒಂದು ಪಟ್ಟಿ. ಥಾರ್ ಮರುಭೂಮಿಯಲ್ಲಿ ಕಲ್ಲು, ಕುರುಚಲು ನೆಲವೂ ಬೇಕಾದಷ್ಟಿದೆ. ಪೂರಾ ಡೆಸರ್ಟ್ ತೋರಿಸುತ್ತೇನೆ ಅಂದವನ ಫೋನ್ ಅಲ್ಲೇ ಇಟ್ಟುಬಿಡಿ.

ಇನ್ನು ಇವತ್ತು ಬೆಳಿಗ್ಗೆ ಆಗಿದ್ದು. ಆ ಜೇನಿನ ದನಿಯವನ ನಂಬರ್ ಇನ್ನೂ ಫೋನಿನಲ್ಲಿತ್ತು. ಅವನು ಸ್ಟೇಟಸ್ ಹಾಕಿದ್ದ. ಒಂದೂವರೆ ಗಂಟೆ ಒಂಟೆ ಸಫಾರಿ, ಸೀಸನ್ ಆಫರ್, ಹ್ಯಾಪಿ ಕಸ್ಟಮರ್. ಮೇಲೆ ಅಮ್ಮನ ಫೋಟೋ. ತೆಗೆಯಿರಿ ಅಂತ ಆಗಲೇ ಬರೆದಿದ್ದೇನೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಇಲ್ಲ, ಫೋಟೋ ಇನ್ನೂ ಅಲ್ಲೇ ಇದೆ. ಹಸಿರು ಶಾಲು ಹೊದ್ದ, ಕನ್ನಡಕ ಹಾಕಿದ ಅಜ್ಜಿಯೊಬ್ಬಳು ಒಂಟೆ ಮೇಲೆ ಬಾಯಿ ತುಂಬ ನಗುತ್ತಿರುವ ಜಾಹೀರಾತು ನಿಮಗೆ ಯಾರಾದರೂ ಕಳಿಸಿದರೆ, ಅದು ನನ್ನ ಅಮ್ಮ. ಆ ಫೋಟೋ ತೆಗೆದಾಗ ಅವಳು ಒಂಟೆ ಹತ್ತಿ ಇನ್ನೂ ಒಂದು ನಿಮಿಷ ಆಗಿರಲಿಲ್ಲ. ಎಕ್ಕದ ಗಿಡ ಇನ್ನೂ ಸಿಕ್ಕಿರಲಿಲ್ಲ.