ಲಕ್ಷದ್ವೀಪ: ಒಮ್ಮೆ ಹಡಗಿನಲ್ಲಿ, ಒಮ್ಮೆ ಅಗತ್ತಿಯಲ್ಲಿ ಉಳಿದು

ಎರಡು ಸಲ ಲಕ್ಷದ್ವೀಪಕ್ಕೆ ಹೋಗಿ ಬಂದಿದ್ದೇನೆ ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ ಪ್ರಶ್ನೆ. ಹಡಗಿನ ಪ್ಯಾಕೇಜ್ ತಗೊಳ್ಳೋಣವಾ, ಇಲ್ಲ ವಿಮಾನದಲ್ಲಿ ಹೋಗಿ ಒಂದೇ ದ್ವೀಪದಲ್ಲಿ ಉಳಿಯೋಣವಾ? ಒಂದೇ ದ್ವೀಪದಲ್ಲಿ ಉಳಿಯಿರಿ ಅಂತ ನಾನು ಹೇಳುತ್ತೇನೆ. ಹಾಗೆ ಹೇಳುವುದಕ್ಕೆ ಕಾರಣ ಕಲ್ಪೇನಿ ದ್ವೀಪದ ಹತ್ತಿರ ನಡುಸಮುದ್ರದಲ್ಲಿ ನಮ್ಮಮ್ಮನಿಗೆ ಆದ ಫಜೀತಿ.

ಮೊದಲ ಸಲ ಹೋಗಿದ್ದು 2023ರ ಡಿಸೆಂಬರಿನಲ್ಲಿ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಅರವತ್ತಾರು ವರ್ಷದ ಅಮ್ಮ. ತುಮಕೂರಿನವರು ನಾವು. ನಮಗೆ ಕೆರೆಯೇ ಸಮುದ್ರ. ಐದು ದಿನದ ಹಡಗಿನ ಪ್ಯಾಕೇಜ್ ತಗೊಂಡೆವು. ಕೊಚ್ಚಿಯಲ್ಲಿ ಹತ್ತಿದರೆ ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ನೋಡಿಕೊಂಡು ಮತ್ತೆ ಕೊಚ್ಚಿಗೆ. ರಾತ್ರಿ ಹಡಗು ಹೋಗುತ್ತಿರುತ್ತದೆ, ನೀವು ಮಲಗಿರುತ್ತೀರಿ. ಬೆಳಗ್ಗೆ ಎದ್ದರೆ ಹೊಸ ದ್ವೀಪ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಾವೂ ಅದಕ್ಕೇ ಬಿದ್ದೆವು.

ಹಡಗು ದ್ವೀಪದ ದಡಕ್ಕೆ ಹೋಗುವುದಿಲ್ಲ ಅನ್ನುವುದು ನಮಗೆ ಗೊತ್ತಿರಲಿಲ್ಲ. ಗೊತ್ತಿತ್ತು ಅಂದರೂ ಸರಿಯೇ, ಅದರ ಅರ್ಥ ಏನು ಅಂತ ಗೊತ್ತಿರಲಿಲ್ಲ. ಈ ದ್ವೀಪಗಳೆಲ್ಲ ಹವಳದ ದಿಬ್ಬಗಳು. ದ್ವೀಪದ ಒಂದು ಮಗ್ಗುಲಿಗೆ ಹವಳದ ಬಂಡೆಯ ಗೋಡೆ ಬಾಗಿಕೊಂಡು ನಿಂತಿರುತ್ತದೆ. ಗೋಡೆಯ ಒಳಗೆ ಇರುವುದು ಲಗೂನು. ಅಲ್ಲಿ ನೀರು ತಿಳಿಹಸಿರು, ಕೆಲವು ಕಡೆ ಎದೆಮಟ್ಟ ಅಷ್ಟೇ. ಗೋಡೆಯ ಹೊರಗೆ ಒಮ್ಮೆಲೇ ಕಡುನೀಲಿ, ತಳ ಕಾಣದ ಆಳ. ದೊಡ್ಡ ಹಡಗು ಒಳಗೆ ಬಂದರೆ ತಳ ತಾಗುತ್ತದೆ. ಹಾಗಾಗಿ ಅದು ಹೊರಗೇ ನಿಲ್ಲುತ್ತದೆ. ದ್ವೀಪದಿಂದ ದೋಣಿಗಳು ಬಂದು ಹಡಗಿನ ಪಕ್ಕಕ್ಕೆ ಒತ್ತಿಕೊಳ್ಳುತ್ತವೆ. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲಿದೆ. ಆ ಬಾಗಿಲಿನಿಂದ ದೋಣಿಗೆ ನೀವು ಕಾಲಿಡಬೇಕು.

ಕಾಲಿಡಬೇಕು ಅಂತ ಬರೆಯುವುದು ಸುಲಭ. ಹಡಗು ದೋಣಿಯಷ್ಟು ಅಲ್ಲಾಡುವುದಿಲ್ಲ, ದೋಣಿ ಅಲೆಗೆ ಮೇಲೆ ಕೆಳಗೆ ಆಗುತ್ತಿರುತ್ತದೆ. ಒಂದು ಕ್ಷಣ ಬಾಗಿಲಿನ ಮಟ್ಟಕ್ಕೆ ಇದ್ದದ್ದು ಮರುಕ್ಷಣ ನಾಲ್ಕಡಿ ಕೆಳಗೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ನಿಂತಿರುತ್ತಾರೆ. ದೋಣಿ ಮೇಲೆ ಬಂದ ಕೂಡಲೇ ಇವರು ರಟ್ಟೆ ಬಿಡುತ್ತಾರೆ, ಅವರು ರಟ್ಟೆ ಹಿಡಿಯುತ್ತಾರೆ. ನಡುವೆ ಯೋಚನೆ ಮಾಡುವವರಿಗೆ ಜಾಗವಿಲ್ಲ. ನಮ್ಮಮ್ಮ ಯೋಚನೆ ಮಾಡಿದರು. ಒಂದು ಕಾಲು ಮುಂದಿಟ್ಟು, ಸೀರೆಯ ನೆರಿಗೆ ಹಿಡಿದುಕೊಂಡು, ‘ತಡಿಯಪ್ಪಾ’ ಅಂದರು. ಅಷ್ಟರಲ್ಲಿ ದೋಣಿ ಕೆಳಗೆ ಹೋಗಿತ್ತು. ಬಾಗಿಲಲ್ಲಿದ್ದ ಹುಡುಗ ಹಿಂದಕ್ಕೆ ಎಳೆದುಕೊಂಡ, ‘ಪೇಡಿಕ್ಕಂಡ ಅಮ್ಮಾ’ ಅಂತ ನಕ್ಕ. ಹೆದರಬೇಡಿ ಅಂತ. ಇನ್ನೊಂದು ಅಲೆಗೆ ಇಬ್ಬರೂ ಸೇರಿ ಅವರನ್ನು ಅಕ್ಕಿಮೂಟೆಯ ಹಾಗೆ ಎತ್ತಿ ದೋಣಿಗೆ ದಾಟಿಸಿದರು. ಏಟೇನೂ ಆಗಲಿಲ್ಲ. ಮಂಡಿ ಮಾತ್ರ ನಡುಗುತ್ತಲೇ ಇತ್ತು. ಕಲ್ಪೇನಿಯಲ್ಲಿ ಅಮ್ಮ ನೋಡಿದ್ದು ಒಂದು ತೆಂಗಿನಮರ, ಅದರ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ.

ಆ ಹುಡುಗರ ತಪ್ಪೇನೂ ಇಲ್ಲ. ಅವರಷ್ಟು ನಾಜೂಕಾಗಿ ಮನುಷ್ಯರನ್ನು ದಾಟಿಸುವವರನ್ನು ನಾನು ನೋಡಿಲ್ಲ. ನನ್ನ ಸಿಟ್ಟು ಪ್ಯಾಕೇಜ್ ಮಾರಿದ ಏಜೆಂಟನ ಮೇಲೆ. ಹಿರಿಯರು ಬರುತ್ತಾರೆ ಅಂತ ಎರಡು ಸಲ ಹೇಳಿದ್ದೆ. ‘ಎಲ್ಲಾ ಆರಾಮ್ ಸಾರ್, ದೋಣಿಯಲ್ಲಿ ಕರ್ಕೊಂಡು ಹೋಗ್ತಾರೆ’ ಅಂದಿದ್ದ. ಸುಳ್ಳೂ ಅಲ್ಲ ನೋಡಿ.

ದಾಟುವುದಕ್ಕಿಂತ ಕಾಯುವುದು ಇನ್ನೂ ಬೇಜಾರು. ಹಡಗಿನಲ್ಲಿ ನಮ್ಮಂಥ ಪ್ರವಾಸಿಗಳಷ್ಟೇ ಇರುವುದಿಲ್ಲ. ಊರಿಗೆ ಹೋಗುವ ದ್ವೀಪದವರೂ ಇರುತ್ತಾರೆ. ಅವರ ಜೊತೆ ಚೀಲ, ಡಬ್ಬ, ಎಳೆಮಕ್ಕಳು. ಒಂದೊಂದು ದೋಣಿ ತುಂಬಿ ಹೋಗಿ ಖಾಲಿಯಾಗಿ ಬರಬೇಕು. ಕೆಳಗಿನ ಅಂತಸ್ತಿನ ಓಣಿಯಲ್ಲಿ ಸಾಲು. ಸೆಕೆ, ಡೀಸೆಲ್ ವಾಸನೆ, ಹಡಗು ನಿಂತಿದ್ದರಿಂದ ಇನ್ನೂ ಜಾಸ್ತಿಯಾದ ತೂಗಾಟ. ಅವೊಮಿನ್ ಮಾತ್ರೆ ನುಂಗಿದವರೂ ವಾಂತಿ ಮಾಡಿದರು. ಅಮ್ಮ ನಿಂಬೆಹಣ್ಣು ಮೂಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಬೆಳಗ್ಗೆ ಇಳಿಯುವುದಕ್ಕೆ ಒಂದು ಸಲ, ಸಂಜೆ ಹತ್ತುವುದಕ್ಕೆ ಒಂದು ಸಲ. ಮೂರು ದ್ವೀಪಕ್ಕೆ ಆರು ಸಲ. ಒಂದೊಂದಕ್ಕೆ ಒಂದೂವರೆ ಗಂಟೆ ಹಿಡಿಯಿರಿ, ಒಂಬತ್ತು ಗಂಟೆ ಓಣಿಯಲ್ಲೇ ಕಳೆಯಿತು. ಕವರತ್ತಿಯಲ್ಲಿ ನಾವು ನೆಲ ಮುಟ್ಟಿದ್ದು 10.40ಕ್ಕೆ. ವಾಪಸ್ ಜೆಟ್ಟಿಗೆ ಬಂದಿದ್ದು 3.45ಕ್ಕೆ. ಅದರಲ್ಲೇ ಊಟ, ಬಟ್ಟೆ ಬದಲಾಯಿಸುವುದು, ಗಾಜಿನ ತಳದ ದೋಣಿಗೆ ಸಾಲು, ಅಕ್ವೇರಿಯಂ. ಮಗನಿಗೆ ನೀರಲ್ಲಿ ಮುಖ ಹಾಕಿ ಮೀನು ನೋಡಲು ಸಿಕ್ಕಿದ್ದು ಇಪ್ಪತ್ತು ನಿಮಿಷ.

ಹಡಗಿಗೆ ಸಲ್ಲಬೇಕಾದ್ದು ಸಲ್ಲಲಿ. ಮಿನಿಕಾಯ್ ನೋಡಬೇಕು ಅಂದರೆ ಹಡಗೇ ಸರಿ. ಅದು ಉಳಿದೆಲ್ಲ ದ್ವೀಪಗಳಿಂದ ದೂರ, ದಕ್ಷಿಣದ ತುದಿಯಲ್ಲಿದೆ. ಅಲ್ಲಿಗೆ ಮಾಲ್ಡೀವ್ಸ್ ಹತ್ತಿರ. ಬೇರೆ ದ್ವೀಪದವರು ಮಲಯಾಳಂ ಮಾತಾಡಿದರೆ ಇಲ್ಲಿಯವರದು ಮಹಲ್. ಬರೆಯುವುದು ಬಲದಿಂದ ಎಡಕ್ಕೆ. 1885ರ ಲೈಟ್‌ಹೌಸ್ ಇದೆ. ಮೇಲೆ ಹತ್ತಿ ನಿಂತರೆ ತೆಂಗಿನ ತೋಟ, ಹಸಿರು ಲಗೂನು, ಬಿಳಿ ನೊರೆಯ ಗೆರೆ, ಆಮೇಲೆ ನೀಲಿ. ಬೇರೆ ದೇಶಕ್ಕೇ ಬಂದ ಹಾಗನಿಸುತ್ತದೆ. ಅಮ್ಮ ಆವತ್ತು ಹಡಗಿನಿಂದ ಇಳಿಯಲೇ ಇಲ್ಲ. ‘ನೀವು ಹೋಗ್ಬನ್ನಿ, ನಾನು ಇಲ್ಲಿಂದಲೇ ನೋಡ್ತೀನಿ’ ಅಂದರು. ಸಂಜೆ ಬಂದು ನೋಡಿದರೆ ಡೆಕ್ಕಿನ ಮೇಲೆ ಗಾಳಿಗೆ ಕೂತು, ಅಡುಗೆಯವರ ಹತ್ತಿರ ಎರಡನೇ ಟೀ ಮಾಡಿಸಿಕೊಂಡು, ಹಾರುವ ಮೀನು ಎಣಿಸುತ್ತಿದ್ದರು. ಅವರ ಮಟ್ಟಿಗೆ ಪ್ರವಾಸದ ಅತಿ ಒಳ್ಳೆಯ ದಿನ ಅದೇ ಅಂತೆ.

ಸಸ್ಯಾಹಾರದ ಊಟ ಹಡಗಿನಲ್ಲೇ ವಾಸಿ. ಕ್ಯಾಬಿನ್ ಚಿಕ್ಕದು, ಚೊಕ್ಕಟವಾಗಿತ್ತು. ರಾತ್ರಿ ಇಂಜಿನ್ ಸದ್ದಿಗೆ ನನಗೆ ನಿದ್ದೆ ಬರಲಿಲ್ಲ, ಹೆಂಡತಿಗೆ ಬಂತು.

ಎರಡನೇ ಸಲ, 2025ರ ಜನವರಿಯಲ್ಲಿ, ಮೂರೇ ಜನ ಹೋದೆವು. ಅಮ್ಮ ಬರಲ್ಲ ಅಂದರು. ಕೊಚ್ಚಿಯಿಂದ ಅಗತ್ತಿಗೆ ರೆಕ್ಕೆಯಲ್ಲಿ ಫ್ಯಾನ್ ಇರುವ ಚಿಕ್ಕ ವಿಮಾನ, ಒಂದೂವರೆ ಗಂಟೆ. ಅಗತ್ತಿ ಒಂದು ಉದ್ದನೆಯ ಪಟ್ಟಿಯಂಥ ದ್ವೀಪ. ಅದರ ದಕ್ಷಿಣದ ಬಾಲವೇ ರನ್‌ವೇ. ಇಳಿಯುವಾಗ ಎರಡೂ ಕಿಟಕಿಯಲ್ಲಿ ನೀರೇ ಕಾಣುತ್ತದೆ. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮಗ ಕಿಟಕಿಗೆ ಮೂಗು ಒತ್ತಿದ.

ಇದರಲ್ಲಿ ತಾಪತ್ರಯ ಇಲ್ಲ ಅಂತಲ್ಲ. ದ್ವೀಪಕ್ಕೆ ಕಾಲಿಡಲು ಪರ್ಮಿಟ್ ಬೇಕು. ಹಡಗಿನ ಪ್ಯಾಕೇಜಿನಲ್ಲಿ ಆ ಕೆಲಸ ಅವರದೇ. ಇಲ್ಲಿ ಹೋಮ್‌ಸ್ಟೇಯವರು ಕೇಳಿದ ಕಾಗದ ನಾವೇ ಹೊಂದಿಸಬೇಕು. ಪೊಲೀಸ್ ಠಾಣೆಗೆ ನಾನು ಮೂರು ಸಲ ಅಲೆದೆ. ಚಿಕ್ಕ ವಿಮಾನ ಆದ್ದರಿಂದ ಲಗೇಜ್ ಕಡಿಮೆ ಇರಬೇಕು. ನಮ್ಮ ಒಂದು ಚೀಲ ಮಾರನೇ ದಿನ ಬಂತು. ಮಳೆಗಾಲದಲ್ಲಿ ಎರಡೂ ದಾರಿ ನೆಚ್ಚಬೇಡಿ. ಗುಂಡು ಹಾಕುವವರು ಗಮನಿಸಿ, ಬಂಗಾರಮ್ ದ್ವೀಪ ಒಂದು ಬಿಟ್ಟರೆ ಎಲ್ಲೂ ಇಲ್ಲ.

ನಾಲ್ಕು ರಾತ್ರಿ ಒಂದೇ ಮನೆಯಲ್ಲಿ ಇದ್ದೆವು. ಮನೆಯಿಂದ ನೂರು ಹೆಜ್ಜೆಗೆ ಲಗೂನು. ಮೊದಲ ದಿನ ಮಧ್ಯಾಹ್ನ ಸುಮ್ನೆ ಬಿಸಿಲು, ಏನೂ ಇಲ್ಲ ಅನಿಸಿತು. ಇಷ್ಟು ದುಡ್ಡು ಕೊಟ್ಟು ತೆಂಗಿನಮರ ನೋಡೋಕೆ ಬಂದೆವಾ ಅಂತ ಹೆಂಡತಿಯ ಮುಖದಲ್ಲೇ ಬರೆದಿತ್ತು. ನಾಲ್ಕು ಗಂಟೆ ದಾಟಿದ ಮೇಲೆ ಊರು ಹೊರಗೆ ಬಂತು. ಹಿಂದಿನ ಸಲ ನಾಲ್ಕು ಗಂಟೆಗೆ ನಾವು ಹಡಗು ಹತ್ತುವ ಸಾಲಿನಲ್ಲಿ ಇರುತ್ತಿದ್ದೆವು ಅನ್ನುವುದು ಆಗ ನೆನಪಾಯಿತು. ಹುಡುಗರು ಮರಳಿನಲ್ಲಿ ಫುಟ್ಬಾಲ್ ಶುರು ಮಾಡಿದರು, ನನ್ನ ಮಗ ಐದೇ ನಿಮಿಷದಲ್ಲಿ ಗೋಲ್‌ಕೀಪರ್ ಆದ. ಟ್ಯೂನಾ ದೋಣಿಗಳು ಬಂದವು. ಇಲ್ಲಿ ಬಲೆ ಬೀಸಿ ಟ್ಯೂನಾ ಹಿಡಿಯುವುದಿಲ್ಲ. ಜೀವಂತ ಪುಟ್ಟ ಮೀನುಗಳನ್ನು ಎರಚಿ, ನೀರು ಚಿಮುಕಿಸಿ, ಮೇಲೆದ್ದ ಟ್ಯೂನಾವನ್ನು ಗಾಳದ ಕೋಲಿನಲ್ಲಿ ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಜೆಟ್ಟಿಯ ಮೇಲೆ ಅವನ್ನು ಸಾಲಾಗಿ ಹಾಕಿದಾಗ ಮಗ ಎಣಿಸಿದ, ಎಂಬತ್ತೆರಡು. ಕತ್ತಲಾದ ಮೇಲೆ ಅದೇ ಜೆಟ್ಟಿಯ ದೀಪದ ಕೆಳಗೆ ಆಮೆಗಳು ಮೇಲೆ ಬಂದು ಉಸಿರು ಬಿಟ್ಟು ಹೋಗುತ್ತಿದ್ದವು.

ಬೆಳಗ್ಗೆ ನೀರು ಇಳಿದಾಗ ಮಂಡಿಯಷ್ಟು ನೀರಿನಲ್ಲಿ ಬಹಳ ದೂರ ನಡೆಯಬಹುದು. ಯಾವ ಹೊತ್ತಿಗೆ ಇಳಿಯುತ್ತದೆ, ಯಾವಾಗ ಏರುತ್ತದೆ ಅನ್ನುವುದು ಮೂರನೇ ದಿನಕ್ಕೆ ನಮಗೂ ಅಂದಾಜು ಸಿಕ್ಕಿತು. ಒಂದು ದಿನ ದೋಣಿ ಮಾಡಿಕೊಂಡು ಬಂಗಾರಮ್, ತಿಣ್ಣಕರಕ್ಕೆ ಹೋದೆವು. ಎರಡೂ ಒಂದೇ ಲಗೂನಿನಲ್ಲಿವೆ. ಈ ದೋಣಿ ಹತ್ತಿದ್ದು ಜೆಟ್ಟಿಯಿಂದ, ಬಸ್ ಹತ್ತಿದ ಹಾಗೆ. ಮಗ ಆವತ್ತು ನೀರಲ್ಲಿ ಇದ್ದಿದ್ದು ಮೂರು ಗಂಟೆ. ಬೆನ್ನು ಸುಟ್ಟು ಕೆಂಪಾಗಿತ್ತು, ತೆಂಗಿನೆಣ್ಣೆ ಹಚ್ಚಿದೆವು.

ಊಟಕ್ಕೆ ಮೀನು ತಿನ್ನುವವರಾದರೆ ಸ್ವರ್ಗ. ನನ್ನ ಹೆಂಡತಿ ತಿನ್ನುವುದಿಲ್ಲ. ಅವಳಿಗೆ ಮೂರು ಹೊತ್ತೂ ಪರೋಟ, ತೆಂಗಿನಕಾಯಿ ಚಟ್ನಿ, ಆಲೂಗಡ್ಡೆ. ತರಕಾರಿ ಇಲ್ಲಿ ಬೆಳೆಯುವುದು ಕಡಿಮೆ, ಮುಖ್ಯ ಭೂಮಿಯಿಂದಲೇ ಬರಬೇಕು. ಅಂಗಡಿಯಲ್ಲಿ ಈರುಳ್ಳಿ ಕೇಳಿದಾಗ ಆ ಯಜಮಾನರು ನಮ್ಮ ಮಾತು ಕೇಳಿ ‘ಬೆಂಗಳೂರಾ?’ ಅಂದರು, ಕನ್ನಡದಲ್ಲೇ. ಸಣ್ಣ ವಯಸ್ಸಿನಲ್ಲಿ ಮಂಚಿಗಳ, ಅಂದರೆ ಸರಕು ಸಾಗಿಸುವ ಮರದ ಹಡಗುಗಳ ಜೊತೆ ಮಂಗಳೂರಿನ ಹಳೇ ಬಂದರಿಗೆ ಬಂದು ಹೋಗುತ್ತಿದ್ದರಂತೆ. ಇವತ್ತಿಗೂ ಈರುಳ್ಳಿ, ಸಿಮೆಂಟು ಆ ಬಂದರಿನಿಂದ ದ್ವೀಪಗಳಿಗೆ ಬರುತ್ತದೆ. ಅರ್ಧ ಗಂಟೆ ಕೂರಿಸಿಕೊಂಡು ಬಂದರಿನ ಹೋಟೆಲಿನ ಗೋಳಿಬಜೆ ನೆನೆಸಿಕೊಂಡರು. ಈರುಳ್ಳಿಗೆ ಮಾತ್ರ ಒಂದು ರೂಪಾಯಿ ಬಿಡಲಿಲ್ಲ.

ದುಡ್ಡಿನ ಲೆಕ್ಕ. ಹಡಗಿನಲ್ಲಿ ನಮಗೆ ತಲೆಗೆ ಸುಮಾರು 30 ಸಾವಿರ ಬಿತ್ತು, ಊಟ, ಆಟ ಎಲ್ಲ ಸೇರಿ. ಅಗತ್ತಿಯಲ್ಲಿ ವಿಮಾನ, ಹೋಮ್‌ಸ್ಟೇ, ಬಂಗಾರಮ್ ದೋಣಿ ಸೇರಿ ಮೂವರಿಗೆ 1 ಲಕ್ಷ 4 ಸಾವಿರ. ಅಂದರೆ ತಲೆಗೆ ಐದು ಸಾವಿರದ ಹತ್ತಿರ ಜಾಸ್ತಿ. ವಿಮಾನದ ಟಿಕೆಟ್ ಮುಂಚೆ ಮಾಡಿದ್ದರೆ ಸಮ ಆಗುತ್ತಿತ್ತು. ನಾನು ಮೇಷ್ಟ್ರು, ನನಗೆ ರಜೆ ಸಿಗುವಾಗ ಊರಿಗೆಲ್ಲ ರಜೆ, ಟಿಕೆಟ್ ದುಬಾರಿ.

ಬೆಳಗ್ಗೆ ಆರಕ್ಕೆ ಮೈಕಿನಲ್ಲಿ ಕರೆದರೆ ಎದ್ದು ಸಾಲು ನಿಲ್ಲುವುದಕ್ಕೆ ನಿಮಗೆ ಬೇಜಾರಿಲ್ಲ, ಒಂದೇ ರಜೆಯಲ್ಲಿ ಮೂರು ಊರು ನೋಡಲೇಬೇಕು ಅಂದರೆ ಹಡಗು ಹತ್ತಿ. ಮಂಡಿನೋವಿನವರನ್ನು ಕರೆದುಕೊಂಡು ಹೋಗುವ ಮುಂಚೆ ಮಾತ್ರ ಆ ಬಾಗಿಲಿನ ವಿಷಯ ಅವರಿಗೆ ಹೇಳಿ. ನಾನಂತೂ ಎಂಟಕ್ಕೆ ಏಳುವವನು, ಒಂದೇ ಮರದ ಕೆಳಗೆ ನಾಲ್ಕು ದಿನ ಕೂರಬಲ್ಲೆ.

ಮುಂದಿನ ಸಲಕ್ಕೆ ಕಡಮತ್ ಅಂದುಕೊಂಡಿದ್ದೇವೆ. 1956ರ ನವೆಂಬರ್ 1ರವರೆಗೆ ಕಡಮತ್, ಅಮಿನಿ ಕಡೆಯ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನಿಂದಲೇ ಅಲ್ಲಿಯ ಆಡಳಿತ ನಡೆಯುತ್ತಿತ್ತು. ಇದನ್ನು ಹೇಳಿದ ಮೇಲೆ ಅಮ್ಮನಿಗೂ ಸ್ವಲ್ಪ ಆಸೆ ಬಂದಿದೆ. ‘ನಮ್ಮದೇ ಆಗಿತ್ತು ಅಂದರೆ ನೋಡಬೇಕು ಬಿಡು. ಅಲ್ಲೂ ದೋಣಿಗೆ ಹಾರಬೇಕೇನೋ?’ ಅಂತ ಕೇಳಿದರು. ಅಗತ್ತಿಯಲ್ಲಿ ಇಳಿದು ಮುಂದೆ ಸಮುದ್ರದಲ್ಲೇ ಹೋಗಬೇಕು. ಅವರಿಗೆ ಇನ್ನೂ ಹೇಳಿಲ್ಲ.